ಬನದ ಬಾಣಂತಿ

ಇವತ್ತು ಅಂಗಳ ಗುಡಿಸುವಾಗ ಹಿಡಿಸೂಡಿಗೆ ಒಂದು ರಾಮಪತ್ರೆ ಬೀಜ ಸಿಕ್ಕಿತು. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ತಿರುಳು ತಿಂದು ಉಗುಳಿದ್ದು. ನಾನು ನಿವೃತ್ತ ಡ್ರಿಲ್ ಟೀಚರ್. ಅಂಗಳದಲ್ಲಿ ಬಿದ್ದ ಒಂದೆಲೆಯೂ ನನಗೆ ಸಾಲು ತಪ್ಪಿ ನಿಂತ ಮಗುವಿನಂತೆ ಕಾಣುತ್ತದೆ. ಆದರೂ ಬೀಜವನ್ನು ಗುಡಿಸಲಿಲ್ಲ. ಯಾಕೆಂದು ಹೇಳಲು ನಿಮ್ಮನ್ನು ನಮ್ಮ ಸೋದರಮಾವನ ಕಾಲಕ್ಕೆ ಕರೆದೊಯ್ಯಬೇಕು.

ಚಾರ್ಮಾಡಿಯಲ್ಲಿ ನಮ್ಮ ಕುಟುಂಬದ ಮೂಲಮನೆಯಾದ ತರವಾಡು ಮನೆಯ ಹಿಂದೆ ನಾಗಬನವಿದೆ. ಕಲ್ಲಿನ ನಾಗ, ಮೇಲೆ ಕೊಡೆಯಂತೆ ಹಳೆಯ ಧೂಪದ ಮರ. ಹುಡುಗಿಯಾಗಿದ್ದಾಗ ಹಿಡಿಸೂಡಿ ಹಿಡಿದು ಒಮ್ಮೆ ಅಲ್ಲಿಗೂ ಹೊರಟಿದ್ದೆ. ಮಾವ ತಡೆದರು.

"ಅಲ್ಲಿ ಗುಡಿಸಲಿಕ್ಕಿಲ್ಲ ಮಗಾ. ಅದು ನಮ್ಮ ಅಂಗಳ ಅಲ್ಲ."

ಮತ್ತೆ ಮರದ ಪೊಟರೆ ತೋರಿಸಿದರು. ಅದರ ಬಾಯಿಗೆ ಗಾರೆ ಮೆತ್ತಿದಂತಿತ್ತು, ಉಳಿದದ್ದು ಒಂದು ಸೀಳು ಮಾತ್ರ. ಗಂಡು ಮಂಗಟ್ಟೆ ಅದರೊಳಗೆ ಹಣ್ಣು ದಾಟಿಸುತ್ತಿತ್ತು.

"ಒಳಗೆ ಬಾಣಂತಿ. ಹೆಣ್ಣು ಹಕ್ಕಿ ತಾನೇ ಬಾಗಿಲು ಮೆತ್ತಿಕೊಂಡು ಕೂತಿದೆ. ರೆಕ್ಕೆಯ ಗರಿ ಉದುರಿದೆ, ಹಾರಲಿಕ್ಕೆ ಆಗುದಿಲ್ಲ. ಮೆಲ್ಲ ಮಾತಾಡು."

ಮಾವ ತೀರಿಹೋದರು. ಸುತ್ತಲಿನ ಗುಡ್ಡಗಳಿಗೆ ರಬ್ಬರು ಬಂತು, ದೊಡ್ಡ ಮರಗಳು ಹೋದವು, ಮಂಗಟ್ಟೆ ಅಪರೂಪವಾಯಿತು. ನಮ್ಮ ಧೂಪಕ್ಕೆ ಮಾತ್ರ ಇನ್ನೂ ಒಂದು ಜೋಡಿ ಬರುತ್ತದೆ. ಮೊನ್ನೆ ತಂಗಿಯ ಮಗ ಬಂದ. ಬನದ ಜೀರ್ಣೋದ್ಧಾರಕ್ಕೆ ಅವನೇ ಮುಂದಾಳು.

"ನಾಗನ ಕಟ್ಟೆಗೆ ಗ್ರಾನೈಟ್ ಹಾಕಿಸುವ ದೊಡ್ಡಮ್ಮ. ಬೇರು ಕಟ್ಟೆ ಒಡೀತದೆ, ಮರ ತೆಗೀಬೇಕು."

"ಮರ ತೆಗೀಲಿಕ್ಕೆ ಜೋಯಿಸರು ಹೇಳಿದ್ದಾರಾ?"

"ಬನ ಚಂದ ಮಾಡಿ ಅಂತ ಹೇಳಿದ್ದಾರೆ."

"ಪೊಟರೆಯಲ್ಲಿ ಹಕ್ಕಿ ಉಂಟು."

"ಅದು ಬೇರೆ ಕಡೆ ಹೋಗ್ತದೆ."

"ಹೇಗೆ ಹೋಗುದು ಮಾರಾಯ? ನಿನ್ನ ಹೆಂಡತಿ ಬಾಣಂತಿ ಆಗಿದ್ದಾಗ ಮನೆಯ ಮಾಡಿನ ಹೆಂಚು ಬಿಚ್ಚಲಿಕ್ಕೆ ನಾನು ಬಿಡ್ತಿದ್ದೆನಾ?"

ಅವನು ನಕ್ಕ. "ನಿಮ್ಮ ಹತ್ತಿರ ಮಾತಾಡಿ ಗೆಲ್ಲಲಿಕ್ಕುಂಟಾ? ಮರದವರಿಗೆ ನಾಳೆ ಬರ್ಲಿಕ್ಕೆ ಹೇಳಿ ಆಗಿದೆ."

ಮರುದಿನ ಕಾಫಿ ಕುಡಿದು, ಕುರ್ಚಿ ಹೊತ್ತುಕೊಂಡು ಹೋಗಿ, ಬನದ ಹೊರಗೆ ಮರ ಸರಿಯಾಗಿ ಬೀಳಬೇಕಾದ ಜಾಗದಲ್ಲಿ ಕೂತೆ. ಮರ ಕಡಿಯುವವರು ಗರಗಸ ಕೆಳಗಿಟ್ಟು ಬೀಡಿ ಹಚ್ಚಿದರು. ತಂಗಿಯ ಮಗ ಓಡಿ ಬಂದ. ಬೈಯಲು ಬಾಯಿ ತೆರೆದವನೇ ತಲೆಯ ಮೇಲೆ ರೆಕ್ಕೆಯ ಬೀಸು ಕೇಳಿ ನಿಂತ. ಗಂಡು ಬಂದು ಪೊಟರೆಗೆ ಒರಗಿ ಕೂತಿತು. ಸೀಳಿನಿಂದ ಒಂದು ಕೊಕ್ಕಿನ ತುದಿ ಹೊರಬಂದು ಹಣ್ಣು ತೆಗೆದುಕೊಂಡಿತು.

ಅವನ ದನಿ ತಾನಾಗಿ ಇಳಿಯಿತು. "ಮರಿ ಹೊರಗೆ ಬರುವವರೆಗೆ ನಿಲ್ಲಿಸುವ ದೊಡ್ಡಮ್ಮ."

"ಮತ್ತೆ?"

"ಮತ್ತೆ ನೋಡುವ."

ನಮ್ಮ ಕಡೆಯ 'ನೋಡುವ' ಎಂಬ ಮಾತನ್ನು ಎಷ್ಟು ನಂಬಬಹುದೆಂದು ನಿಮಗೂ ಗೊತ್ತು. ಕುರ್ಚಿಯನ್ನು ನಾನು ಮನೆಗೆ ತಂದಿಲ್ಲ. ಇವತ್ತಿನ ಬೀಜವನ್ನು ಬನದ ತರಗೆಲೆಯೊಳಗೆ ಹಾಕಿ, ಅಲ್ಲೇ ಹೋಗಿ ಕೂತೆ. ಅಂಗಳ ಅರ್ಧ ಗುಡಿಸದೆ ಬಿದ್ದಿದೆ.