ಹಗರೆಯ ಲಕ್ಕಪ್ಪನ ವಿಮಾನ

ನನ್ನ ಮೈದುನ ಲಕ್ಕಪ್ಪನ ಮನೆ ಎಲ್ಲಿ ಎಂದು ಹಗರೆಯ ಬಸ್ ಸ್ಟಾಂಡಿನಲ್ಲಿ ಕೇಳಿದರೆ, "ಯಾರು, ವಿಮಾನದ ಲಕ್ಕಪ್ಪನಾ?" ಎಂದು ತಿರುಗಿ ಕೇಳುತ್ತಾರೆ. ಆ ಹೆಸರು ಕೇಳಿದರೆ ಅವನ ಎದೆ ಉಬ್ಬುತ್ತದೆ. ಹಾಗೆ ಕರೆಯುವವರು ಬಾಯಿಗೆ ಟವಲು ಅಡ್ಡ ಹಿಡಿದಿರುತ್ತಾರೆ ಎಂಬುದು ಅವನ ಕಣ್ಣಿಗೆ ಬಿದ್ದಿಲ್ಲ. ಅವನ ಕಣ್ಣಿಗೆ ಬೀಳದ್ದು ಬಹಳ ಇದೆ. ಅದರಲ್ಲಿ ಮೊದಲನೆಯದು ಅವನ ಹೆಂಡತಿ ರುಕ್ಮಿಣಮ್ಮ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಲಕ್ಕಪ್ಪನಿಗೆ ಒಂಬತ್ತು ವರ್ಷ. ನನ್ನ ತವರಿನವರು ಕೊಟ್ಟ ರೇಡಿಯೋವನ್ನು ನನ್ನ ಯಜಮಾನರು ಗೂಡಿನಲ್ಲಿ ಇಟ್ಟಿದ್ದರು. ಮೂರನೇ ದಿನಕ್ಕೆ ಅದು ಜಗಲಿಯ ಮೇಲೆ ಚೂರುಚೂರಾಗಿ ಹರಡಿಕೊಂಡಿತ್ತು.

"ಒಳಗ್ ಯಾರ್ ಕೂತವ್ರೆ ಅಂತ ನೋಡ್ದೆ ಅತ್ಗೆ," ಎಂದ.

ನೋಡಿದ್ದಾಯಿತು, ಇನ್ನು ಜೋಡಿಸು ಎಂದರೆ ಆಡುವುದಕ್ಕೆ ಓಡಿಹೋದ. ಬಿಚ್ಚುವುದು ತನ್ನ ಕೆಲಸ, ಜೋಡಿಸುವುದು ಬೇರೆಯವರದು ಎಂದು ಅವತ್ತೇ ತೀರ್ಮಾನ ಮಾಡಿಕೊಂಡಿದ್ದ. ಅರವತ್ತು ತುಂಬುತ್ತಾ ಬಂದರೂ ಆ ತೀರ್ಮಾನ ಬದಲಾಗಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ, ಹಾಸನದ ಒಂದು ಅಂಗಡಿಯಲ್ಲಿ ಎರಡು ವರ್ಷ ಮೋಟರು ಸುತ್ತುವುದನ್ನು ಕಲಿತು ಬಂದ. ಬಸ್ಸು ಓಡಾಡುವ ರಸ್ತೆಯಲ್ಲಿ ಅಂಗಡಿ ಹಾಕಿದ. ಸುಟ್ಟುಹೋದ ಪಂಪುಸೆಟ್ಟಿನ ಮೋಟರಿಗೆ ಹಳೇ ತಾಮ್ರದ ತಂತಿ ತೆಗೆದು ಹೊಸದು ಸುತ್ತಿ ಕೊಡುವ ಅಂಗಡಿ. ಸುತ್ತುವ ಕೆಲಸಕ್ಕೆ ತಾಳ್ಮೆ ಬೇಕು. ಸುತ್ತು ಎಣಿಸಬೇಕು, ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡಬಾರದು. ಲಕ್ಕಪ್ಪನಿಗೆ ಮಾತಾಡದೆ ಇದ್ದರೆ ತಲೆನೋವು ಬರುತ್ತದೆ. ಹಾಗಾಗಿ ಮದುವೆಯಾದ ವರ್ಷದಿಂದಲೇ ರುಕ್ಮಿಣಮ್ಮ ಸುತ್ತಲು ಕೂತಳು. ಬೋರ್ಡಿನ ಮೇಲೆ ಅವನ ಹೆಸರು, ತಂತಿಯ ಮೇಲೆ ಅವಳ ಬೆರಳು. ಮೂವತ್ತು ವರ್ಷ ಹೀಗೇ ನಡೆಯಿತು. ಅವಳ ಬಲಗೈ ಹೆಬ್ಬೆರಳಿನ ಚರ್ಮ ಹುಣಸೆ ಬೀಜದ ಹಾಗೆ ಗಟ್ಟಿಯಾಗಿದೆ. ಅವನ ಕೈ ಮಾತ್ರ ಇವತ್ತಿಗೂ ಮದುಮಗನ ಕೈ.

ಬಿಡುವಿದ್ದವನಿಗೆ ಯೋಚನೆ ಜಾಸ್ತಿ. ಒಂದು ವರ್ಷ ತೆಂಗಿನ ಮರ ಹತ್ತುವ ಯಂತ್ರ ಮಾಡಿದ. ಅದು ಅವನನ್ನು ಮರದ ಅರ್ಧಕ್ಕೆ ಒಯ್ದು ಅಲ್ಲೇ ಕಚ್ಚಿಕೊಂಡಿತು. ಎರಡು ಗಂಟೆ ಅವನು ಮೇಲಿನಿಂದ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ. ಇನ್ನೊಂದು ವರ್ಷ ರಾಗಿ ತೂರುವ ಫ್ಯಾನು ಮಾಡಿದ. ಹೊಟ್ಟು ನಮ್ಮ ಕಣದಲ್ಲಿ ಉಳಿಯಿತು, ರಾಗಿ ಪಕ್ಕದವರ ಕಣಕ್ಕೆ ಹೋಯಿತು. ಆಮೇಲೆ ಕೈಗೆ ದೊಡ್ಡ ಫೋನು ಬಂತು. ಯಾವುದೋ ದೇಶದಲ್ಲಿ ಯಾರೋ ಒಬ್ಬ ತನ್ನ ಕೊಟ್ಟಿಗೆಯಲ್ಲಿ ವಿಮಾನ ಮಾಡಿ ಹಾರಿಸಿದ್ದನ್ನು ಅದರಲ್ಲಿ ನೋಡಿದ. ಅವತ್ತಿನಿಂದ ನಮ್ಮ ಕೊಟ್ಟಿಗೆಯ ಹಸುಗಳು ಬೇವಿನ ಮರದ ಕೆಳಗೆ ಬಂದವು.

ಆರು ವರ್ಷ ಕಟ್ಟಿದ. ಅಲ್ಯೂಮಿನಿಯಂ ಪೈಪು, ಸ್ಕೂಟರಿನ ಚಕ್ರ, ರೆಕ್ಕೆಗೆ ಬಿಗಿಯಾದ ಬಟ್ಟೆ. ಬಟ್ಟೆ ಹೊಲಿದವಳು ರುಕ್ಮಿಣಮ್ಮ. ಅದರ ಮೇಲೆ ಏಳು ಸಲ ಬಣ್ಣ ಹೊಡೆದವಳೂ ಅವಳೇ. ಪಕ್ಕಪಕ್ಕದಲ್ಲಿ ಎರಡು ಸೀಟು. ಎಂಜಿನ್ ಮಾತ್ರ ಬೆಂಗಳೂರಿನಿಂದ ತಂದದ್ದು. ಇಂಥ ಸಣ್ಣ ವಿಮಾನಕ್ಕೆಂದೇ ಮಾಡಿದ್ದು, ಯಾರೋ ಓಡಿಸಿ ಬಿಟ್ಟದ್ದು. ಪೆಟ್ರೋಲಿಗೆ ಕಿಡಿ ಕೊಡುವ ಏರ್ಪಾಟಿಗೆ ಇಗ್ನಿಷನ್ ಅನ್ನುತ್ತಾರೆ. ಆ ಎಂಜಿನ್ನಿಗೆ ಒಂದಲ್ಲ, ಎರಡು ಇಗ್ನಿಷನ್ನು. ಒಂದೊಂದಕ್ಕೂ ಬೇರೆ ಕಾಯಿಲು, ಬೇರೆ ಪ್ಲಗ್ಗು, ಬೇರೆ ಸ್ವಿಚ್ಚು. ಅದರಲ್ಲಿ ಒಂದರ ಕಾಯಿಲು ಸುಟ್ಟುಹೋಗಿತ್ತು.

ಎಂಜಿನ್ ನೋಡಿ ಹೇಳಲಿ ಎಂದು ಲಕ್ಕಪ್ಪ ಅರಸೀಕೆರೆಯಿಂದ ಉಗ್ರಪ್ಪನವರನ್ನು ಕರೆಸಿದ. ಅವರು ವಾಯುಪಡೆಯಲ್ಲಿ ಇಪ್ಪತ್ತೈದು ವರ್ಷ ಎಂಜಿನ್ ಕೆಲಸ ಮಾಡಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸಣ್ಣ ಟಾರ್ಚು. ಮೈದುನ ಅವರನ್ನು ಜಗಲಿಯ ಮೇಲೆ ಕೂರಿಸಿ, ಕಾಗದದ ಲೋಟದಲ್ಲಿ ಕಾಫಿ ಕೊಡಲು ಹೇಳಿದ. ಅವರ ಜಾತಿ ಅವನಿಗೆ ಗೊತ್ತಿತ್ತು, ಅವರು ಬುದ್ಧನಿಗೆ ನಡೆದುಕೊಳ್ಳುವವರು ಎಂಬುದೂ ಗೊತ್ತಿತ್ತು. ಆಕಾಶಕ್ಕೆ ಏರಲು ಹೊರಟವನಿಗೆ ಹೊಸಿಲು ದಾಟಲು ಆಗಲಿಲ್ಲ. ನಾನೂ ಒಂದು ಕಾಲದಲ್ಲಿ ಹಾಗೇ ಮಾಡಿದವಳು, ಸುಳ್ಳು ಹೇಳುವುದಿಲ್ಲ. ರುಕ್ಮಿಣಮ್ಮ ಮಾತ್ರ ಮನೆಯ ಸ್ಟೀಲು ಲೋಟದಲ್ಲೇ ತಂದು ಕೊಟ್ಟಳು. ಗಂಡ ಕಣ್ಣು ಬಿಟ್ಟ. ಅವಳು ನೋಡದವಳಂತೆ ಒಳಗೆ ಹೋದಳು.

ಉಗ್ರಪ್ಪನವರು ಅರ್ಧ ದಿನ ಎಂಜಿನ್ನಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ನೋಡಿದರು.

"ಲಕ್ಕಪ್ಪನೋರೆ, ಈ ಕಾಯ್ಲು ಹೊಸದು ತರ್ಸಿ. ಇದನ್ನ ಸುತ್ಸಕ್ಕೆ ಹೋಗ್ಬ್ಯಾಡಿ."

"ಸಾವ್ರಾರು ಮೋಟ್ರು ಸುತ್ತಿದೀನಿ ಕಣ್ರೀ. ಇದೇನ್ ಮಹಾ, ನಿಂಬೆಹಣ್ ಗಾತ್ರ ಐತೆ."

"ಪಂಪು ಕೆಟ್ರೆ ನೀರು ನಿಲ್ತದೆ. ಇದು ಕೆಟ್ರೆ?"

"ಇನ್ನೊಂದ್ ಐತಲ್ಲ! ನನ್ ಗಾಡಿ ಇಪ್ಪತ್ ವರ್ಷದಿಂದ ಒಂದೇ ಪ್ಲಗ್ಗಲ್ಲಿ ಓಡ್ತಾ ಐತೆ."

"ಗಾಡಿ ನಿಂತ್ರೆ ಕಾಲು ಕೆಳಗಿಡ್ಬೋದು," ಎಂದರು ಉಗ್ರಪ್ಪನವರು.

ಇನ್ನೂ ಎರಡು ಮಾತು ಹೇಳಿದರು. ದಿಲ್ಲಿಯವರ ಅನುಮತಿ ಇಲ್ಲದೆ ಇದನ್ನು ನೆಲ ಬಿಡಿಸಬಾರದು. ಅನುಮತಿ ಬಂದ ಮೇಲೂ ಮೊದಲ ಸಲ ಹಾರುವಾಗ ಒಬ್ಬನೇ ಇರಬೇಕು. ಲಕ್ಕಪ್ಪ ನಕ್ಕ. ನನ್ನ ಹೊಲ, ನನ್ನ ಪೆಟ್ರೋಲು, ದಿಲ್ಲಿಯವರಿಗೆ ಏನು ಕೆಲಸ ಎಂದ. ಒಬ್ಬನೇ ಹೋಗುವ ಮಾತಿಗಂತೂ ಕಿವಿ ಮುಚ್ಚಿಕೊಂಡ.

"ಮನೆ ಒಕ್ಕಲಿಗೂ ಗಂಡ ಹೆಂಡ್ತಿ ಇಬ್ರೂ ಕೂತ್ಕಬೇಕು, ಬೋರ್ವೆಲ್ ಪೂಜೆಗೂ ಇಬ್ರೂ ಕೂತ್ಕಬೇಕು. ಇಷ್ಟ್ ದೊಡ್ ಶುಭಕಾರ್ಯ, ಒಬ್ನೇ ಮಾಡಕ್ಕಾಯ್ತದಾ? ನಿಮ್ಗೆ ಶಾಸ್ತ್ರ ಗೊತ್ತಿಲ್ಲ ಬಿಡಿ."

ಉಗ್ರಪ್ಪನವರು ಲೋಟ ತೊಳೆದಿಡಲು ಎದ್ದರು. ರುಕ್ಮಿಣಮ್ಮ ಬಂದು ಕಿತ್ತುಕೊಂಡಳು. ಆಮೇಲೆ ಮೈದುನ ಅವರನ್ನು ಕರೆಯಲಿಲ್ಲ.

ಕಾಯಿಲು ಸುತ್ತಿದವಳೂ ಅವಳೇ. ಕೂದಲಿಗಿಂತ ಸಣ್ಣ ತಂತಿ, ಸಾವಿರಗಟ್ಟಲೆ ಸುತ್ತು. ನಡುವೆ ಎರಡು ಕಡೆ ತುಂಡಾಯಿತು. ಪಂಪಿನ ಮೋಟರಿಗೆ ಮಾಡುವ ಹಾಗೆ ಬೆಸುಗೆ ಹಾಕಿ, ಮೇಲೆ ವಾರ್ನಿಷ್ ಬಳಿದುಬಿಡು ಎಂದ ಗಂಡ. ಅವಳು ಹೊಸ ತಂತಿ ತಂದು ಮೊದಲಿನಿಂದ ಸುತ್ತುತ್ತೇನೆ ಎಂದಳು. ತಿಂಗಳು ಕಾಯಬೇಕಾಗುತ್ತದೆ ಎಂದು ಅವನು ಒಪ್ಪಲಿಲ್ಲ. ಎಂಜಿನ್ನಿಗೆ ಹಾಕಿ ನೋಡಿದರು, ಕಿಡಿ ಬಂತು. ಎರಡು ನಿಮಿಷ ಓಡಿಸಿ, "ನೋಡ್ದಾ?" ಎಂದು ನಿಲ್ಲಿಸಿದ. ಯಾವತ್ತೂ ಎರಡು ನಿಮಿಷಕ್ಕಿಂತ ಹೆಚ್ಚು ಓಡಿಸಲಿಲ್ಲ.

ಧನುರ್ಮಾಸ ಕಳೆಯಲಿ ಎಂದು ಸಂಕ್ರಾಂತಿಯ ಮೂರನೇ ದಿನಕ್ಕೆ ಮುಹೂರ್ತ ಇಟ್ಟ. ರಾಗಿ ಕೊಯ್ದ ಹೊಲವನ್ನು ರೋಲರ್ ಎಳೆಸಿ ಗಟ್ಟಿ ಮಾಡಿಸಿದ. ಬೇಲೂರಿನಲ್ಲಿ ಕಾರ್ಡು ಅಚ್ಚು ಹಾಕಿಸಿದ. 'ದಂಪತಿ ಸಮೇತ ಪ್ರಥಮ ವಾಯುವಿಹಾರ, ನಂತರ ಭೋಜನ' ಎಂದು ಅದರಲ್ಲಿತ್ತು. ಕಾರ್ಡು ಬಂದ ದಿನ ರುಕ್ಮಿಣಮ್ಮ ಅದನ್ನು ಎರಡು ಸಲ ಓದಿ ನನ್ನ ಮುಂದೆ ಇಟ್ಟಳು.

"ಅಕ್ಕ, ಆ ಬೆಸುಗೆ ನಾನೇ ಹಾಕಿರದು. ಬಿಸಿಯಾದ್ರೆ ಬಿಟ್ಕತದೆ. ಇವ್ರು ನನ್ನ ಅದ್ರಲ್ಲಿ ಕೂರಿಸ್ಕಂಡು ಮ್ಯಾಲಕ್ಕೋಯ್ತಾರಂತೆ."

"ಒಲ್ಲೆ ಅನ್ನು."

"ಅಂದೆ. ಅಪಶಕುನ ನುಡೀಬ್ಯಾಡ ಅಂದ್ರು. ಕಾರ್ಡ್ ಹಂಚಿದ್ಮೇಲೆ ಮಾನ ಹೋಯ್ತದಂತೆ."

ಅವಳು ಪ್ರಾಣದ ಮಾತಾಡುತ್ತಿದ್ದಳು, ಅವನು ಕಾರ್ಡಿನ ಮಾತಾಡುತ್ತಿದ್ದ. ನಾನು ಹೋಗಿ ಹೇಳಿದೆ. ಅತ್ತಿಗೆಗೆ ಎಂಜಿನ್ನಿನ ವಿಷಯ ಏನು ಗೊತ್ತು ಎಂದು ಟವಲು ಕೊಡವಿಕೊಂಡು ಹೋದ.

ಮಾರನೇ ದಿನ ರುಕ್ಮಿಣಮ್ಮ ಹಳೇಬೀಡಿನ ಮೇಲೆ ಹೋಗುವ ಬಸ್ಸು ಹಿಡಿದು ಅರಸೀಕೆರೆಗೆ ಹೋದಳು. ಜೊತೆಗೆ ನಾನೂ ಹೋದೆ. ಉಗ್ರಪ್ಪನವರು ನಡುಮನೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಎಲ್ಲ ಕೇಳಿ, ಒಂದು ಕಾಗದದ ಮೇಲೆ ಎರಡು ಸ್ವಿಚ್ಚಿನ ಚಿತ್ರ ಬರೆದರು.

"ನೋಡಮ್ಮ, ಎಂಜಿನ್ ಅರ್ಧ ಗಂಟೆ ಓಡಿ ಚೆನ್ನಾಗಿ ಕಾಯ್ಲಿ. ಆಮೇಲೆ ಎಡಗಡೆ ಸ್ವಿಚ್ಚು ಇಳಿಸು. ಸದ್ದು ಒಂಚೂರು ಕುಗ್ಬೇಕು, ಆದ್ರೆ ಓಡ್ತಾ ಇರ್ಬೇಕು. ಒಂಚೂರೂ ಕುಗ್ಲಿಲ್ಲ ಅಂದ್ರೆ ಅದು ಆಗ್ಲೇ ಸತ್ತೋಗಿದೆ ಅಂತ ತಿಳ್ಕೊ. ಅದನ್ನ ಮ್ಯಾಲಕ್ಕೆತ್ತಿ ಬಲಗಡೇದು ಇಳಿಸು. ಎಂಜಿನ್ ನಿಂತೋದ್ರೆ ಕೆಳಗಿಳಿ. ಯಾರ್ ಏನಂದ್ರೂ ಮತ್ತೆ ಹತ್ಬ್ಯಾಡ."

"ಅವ್ರು ಬೈತಾರೆ ಅಣ್ಣ."

"ಬೈಸ್ಕೊಂಡು ಮನೆಗೆ ಹೋಗ್ಬೋದಲ್ಲವ್ವ."

ಮುಹೂರ್ತದ ದಿನ ಬೆಳಿಗ್ಗೆ ಹೊಲದ ತುಂಬ ಜನ. ಮೈದುನ ಜರಿ ಪೇಟ ಕಟ್ಟಿದ್ದ. ಐನೋರು ಎಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ವಿಮಾನದ ಫ್ಯಾನಿಗೆ ಹೂವಿನ ಹಾರ ಹಾಕಿ, ಅದನ್ನು ತೆಗೆಯಬೇಕೋ ಬೇಡವೋ ಎಂದು ಚರ್ಚೆಯಾಗಿ, ಕೊನೆಗೆ ತೆಗೆದರು. ಅವನ ಶಲ್ಯದ ತುದಿಯನ್ನು ಅವಳ ಸೆರಗಿಗೆ ಗಂಟು ಹಾಕಿದರು. ಅವಳು ರೇಷ್ಮೆ ಸೀರೆಯ ಮೇಲೆ ಅವನ ಹಳೇ ಜರ್ಕಿನ್ ತೊಟ್ಟು, ಮುಡಿದ ಹೂವಿನ ಮೇಲೇ ಹೆಲ್ಮೆಟ್ ಹಾಕಿಕೊಂಡಿದ್ದಳು. ಅವನೂ ಪೇಟ ತೆಗೆದು ಹೆಲ್ಮೆಟ್ ಹಾಕಿಕೊಂಡ.

ಹಗ್ಗ ಮೂರು ಸಲ ಎಳೆದರೂ ಎಂಜಿನ್ ಹತ್ತಲಿಲ್ಲ, ನಾಲ್ಕನೆಯದಕ್ಕೆ ಹತ್ತಿತು. ಅಷ್ಟರಲ್ಲಿ ಪಂಚಾಯಿತಿ ಅಧ್ಯಕ್ಷರು ಬರುವುದು ತಡ ಎಂದು ಸುದ್ದಿ ಬಂತು. ನಿಲ್ಲಿಸಿದರೆ ಜನರ ಮುಂದೆ ಮತ್ತೆ ಹತ್ತದಿದ್ದರೆ ಎಂಬ ಹೆದರಿಕೆಗೆ ಲಕ್ಕಪ್ಪ ಅದನ್ನು ಓಡುತ್ತಲೇ ಬಿಟ್ಟ. ಮುಕ್ಕಾಲು ಗಂಟೆ ಅದು ಅರಚಿತು. ಆರು ವರ್ಷದಲ್ಲಿ ಅವನು ಮಾಡದ ಪರೀಕ್ಷೆಯನ್ನು ಅಧ್ಯಕ್ಷರು ಮನೆಯಲ್ಲಿ ಕೂತೇ ಮಾಡಿಸಿದರು.

ಅಧ್ಯಕ್ಷರು ಬಂದರು, ತೆಂಗಿನಕಾಯಿ ಒಡೆದರು. ವಿಮಾನ ಕುಲುಕಿಕೊಂಡು ಹೊಲದ ಮೇಲಿನ ಬದುವಿಗೆ ಹೋಗಿ ತಿರುಗಿ ನಿಂತಿತು. ಆರತಿ ಹಿಡಿದ ಹೆಂಗಸರು ಅಲ್ಲಿದ್ದರು. ಯಜಮಾನರು ತೀರಿಕೊಂಡ ಮೇಲೆ ನನಗೆ ಆರತಿಯ ಕೆಲಸ ಇಲ್ಲ. ನಾನು ಅವರ ಹಿಂದೆ ಒಂದು ಮಂಕರಿ ಮರಳು ಇಟ್ಟುಕೊಂಡು ನಿಂತಿದ್ದೆ. ಪೆಟ್ರೋಲಿನ ಬೆಂಕಿಗೆ ನೀರು ಹಾಕಬಾರದು ಎಂದು ಉಗ್ರಪ್ಪನವರು ಹೇಳಿದ್ದರು.

ಲಕ್ಕಪ್ಪ ಜನರ ಕಡೆ ತಿರುಗಿ ಕೈ ಬೀಸುತ್ತಿದ್ದ. ರುಕ್ಮಿಣಮ್ಮ ಕೈ ಚಾಚಿ ಎಡಗಡೆಯ ಸ್ವಿಚ್ಚು ಇಳಿಸಿದಳು. ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಅದನ್ನು ಮೇಲಕ್ಕೆತ್ತಿದಳು. ಬಲಗಡೆಯದನ್ನು ಇಳಿಸಿದಳು. ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು.

"ಏನೇ ಮಾಡ್ದೆ, ಹಾಳಾದೋಳೆ!"

"ನಾನ್ ಸುತ್ತಿದ್ ಕಾಯ್ಲು ಸತ್ತೋಗೈತೆ. ಒಂದ್ ನಿಂತ್ರೆ ಇನ್ನೊಂದು ಓಡಿಸ್ಬೇಕಿತ್ತು. ಓಡಿಸ್ಲಿಲ್ಲ."

ಬೆಲ್ಟು ಬಿಚ್ಚಿದಳು. ಸೆರಗಿನ ಗಂಟು ಬಿಗಿದುಕೊಂಡಿತ್ತು, ಹಲ್ಲಿನಲ್ಲಿ ಕಚ್ಚಿ ಬಿಡಿಸಿದಳು. ಇಳಿದು ಬಂದು ನನ್ನ ಪಕ್ಕ ನಿಂತಳು.

ಲಕ್ಕಪ್ಪ ಬಲಗಡೆಯ ಸ್ವಿಚ್ಚು ಎತ್ತಿ ಹಗ್ಗ ಎಳೆದ. ಒಂದು ಇಗ್ನಿಷನ್ನಿನಲ್ಲೇ ಎಂಜಿನ್ ಹತ್ತಿತು.

"ನೋಡು, ಹತ್ಕಂತು! ಬಾ, ಕೂತ್ಕೊ!"

"ನೀವ್ ಒಬ್ರೇ ಹೋಗ್ಬನ್ನಿ. ಭಾರನೂ ಕಮ್ಮಿ ಆಯ್ತದೆ," ಎಂದು ಅವಳು ಇದ್ದಲ್ಲಿಂದಲೇ ಕೂಗಿದಳು.

ಜನ ಹತ್ತಿರ ಬಂದರು. ಕಾಫಿ ಅಂಗಡಿಯ ಗಿಡ್ಡಯ್ಯ ಮುಂದೆ ಬಂದು ಸೊಂಟದ ಮೇಲೆ ಕೈ ಇಟ್ಟ.

"ಏನ್ಲಾ ಲಕ್ಕ, ಬಸ್ ಸ್ಟಾಂಡಿಗೆ ದಿನಾ ಒಬ್ನೇ ಬತ್ತೀಯ. ಆಕಾಶಕ್ಕೆ ಹೋಗಕ್ಕೆ ಹೆಂಡ್ರು ಬೇಕಾ?"

"ಶಾಸ್ತ್ರ ಕಣ್ಲಾ ಶಾಸ್ತ್ರ! ದಂಪತಿ ಸಮೇತ ಅಂತ ಕಾರ್ಡಲ್ಲಿ ಅಚ್ಚಾಗೋಗೈತೆ."

ಐನೋರಿಗೆ ಬಿಸಿಲು ಹತ್ತಿತ್ತು. "ಅದಕ್ಕೆ ದಾರಿ ಇದೆ ಲಕ್ಕಪ್ಪ. ಹೆಂಡತಿ ಇಲ್ಲದಾಗ ದರ್ಭೆ ಇಟ್ಟುಕೊಂಡು ಕರ್ಮ ಮಾಡಬಹುದು," ಎಂದು ಚೀಲದಿಂದ ಒಂದು ಹಿಡಿ ದರ್ಭೆ ತೆಗೆದು ಅವಳ ಸೀಟಿನ ಮೇಲೆ ಇಟ್ಟರು. ಬೆಲ್ಟನ್ನೂ ಹಾಕಿದರು.

ಲಕ್ಕಪ್ಪ ಆ ಹುಲ್ಲನ್ನು ನೋಡಿದ, ಮುಂದಿನ ಬಯಲನ್ನು ನೋಡಿದ. ಅವನ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು. ತೆಂಗಿನ ಮರದ ಅರ್ಧದಲ್ಲಿ ಸಿಕ್ಕಿಕೊಂಡಾಗಲೂ ಅಷ್ಟು ಬಿಳಿಚಿಕೊಂಡಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತಿದ್ದರೆ ತಾನು ಹೆದರಿದ್ದು ಯಾರಿಗೂ ಕಾಣುವುದಿಲ್ಲ, ಅವಳು ಅತ್ತಳು ಅದಕ್ಕೇ ನಿಲ್ಲಿಸಿದೆ ಎನ್ನಬಹುದು. ಶಾಸ್ತ್ರ ಎಂದು ಅವನು ಕರೆಯುತ್ತಿದ್ದದ್ದು ಇದನ್ನೇ.

"ಗಾಳಿ ಸರಿಯಿಲ್ಲ," ಎಂದ.

ಬದುವಿನ ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗಿಡ್ಡಯ್ಯ ತಲೆ ಎತ್ತಿ ಮರವನ್ನು ನೋಡಿದ, ಅವನನ್ನು ನೋಡಿ ಎಲ್ಲರೂ ನೋಡಿದರು. ಲಕ್ಕಪ್ಪ ದರ್ಭೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಮಾನವನ್ನು ನೆಲದ ಮೇಲೇ ಓಡಿಸುತ್ತಾ ಕೊಟ್ಟಿಗೆಗೆ ವಾಪಸು ಹೋದ.

ಅಧ್ಯಕ್ಷರು ಊಟಕ್ಕೆ ಎದ್ದರು, ಹಿಂದೆ ಜನವೂ ಎದ್ದಿತು. ರುಕ್ಮಿಣಮ್ಮ ಜರ್ಕಿನ್ ಬಿಚ್ಚಿ ನನ್ನ ಕೈಗೆ ಕೊಟ್ಟು ಮುಖ ತೊಳೆದುಕೊಂಡಳು. ಗಂಡ ಉಣ್ಣುವ ಮುಂಚೆ ಅವಳು ಎಲೆಯ ಮುಂದೆ ಕೂತದ್ದನ್ನು ನಾನು ಈ ಮನೆಯಲ್ಲಿ ಕಂಡಿರಲಿಲ್ಲ. ಅವತ್ತು ಮೊದಲನೇ ಪಂಕ್ತಿಯಲ್ಲೇ ಕೂತಳು, ನನ್ನನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಪಾಯಸ ಬಂದಾಗ ಎರಡು ಸಲ ಹಾಕಿಸಿಕೊಂಡಳು.

ನಾವು ಮಜ್ಜಿಗೆಗೆ ಬರುವ ಹೊತ್ತಿಗೆ ಲಕ್ಕಪ್ಪ ಬಂದು ಎದುರಿಗೆ ನಿಂತ. ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ.

"ನಂಗೊಂದ್ ಎಲೆ ಹಾಕೇ," ಎಂದ.

"ಎರಡನೇ ಪಂಕ್ತಿಗೆ ಕೂತ್ಕಳಿ," ಎಂದಳು ರುಕ್ಮಿಣಮ್ಮ, ತಲೆ ಎತ್ತದೆ.