ಐದಕ್ಕೆ ಮೂರು

ನಾಲ್ಕು ದಿನದಿಂದ ಅವಳ ಎದೆಯ ಮೇಲೆ ಕೂತಿದ್ದದ್ದು ಒಂದು ದಶಮಾಂಶ. ಎರಡು ಬೀದಿ ಆಚೆಗಿನ ಶಿಶುಮನೆಯ ಹೆಸರಿನ ಪಕ್ಕ ಫೋನಿನಲ್ಲಿ ಮೊದಲು 5.0 ಎಂದು ತೋರಿಸುತ್ತಿತ್ತು. ಈಗ 4.9 ಎಂದು ತೋರಿಸುತ್ತಿದೆ. ಸ್ನಾನ ಮಾಡಿಸುವಾಗ, ಬಟ್ಟೆ ಒಣಹಾಕುವಾಗ, ಮಗಳ ಬಾಯಿಂದ ಚಪ್ಪಲಿ ಕಿತ್ತುಕೊಳ್ಳುವಾಗ, ಯಾವಾಗ ನೋಡಿದರೂ ಅದೇ 4.9 ಕಣ್ಣಮುಂದೆ. ಆ ಹತ್ತನೇ ಒಂದು ಪಾಲು ತಾನಾಗಿ ಉದುರಿರಲಿಲ್ಲ. ಉದುರಿಸಿದವರು ಹಜಾರದಲ್ಲೇ ಕೂತು, ಹೊಸದಾಗಿ ಬಂದ ಬಕೆಟ್ಟಿನ ಹಿಡಿಕೆಯನ್ನು ಎಣಿಸಿಕೊಂಡು ಎತ್ತಿ ಇಳಿಸುತ್ತಿದ್ದರು. ಅವಳ ಮಾವ.

ಸೋಮವಾರ ಅವಳು ಕೆಲಸಕ್ಕೆ ವಾಪಸಾಗಬೇಕು. ಹತ್ತು ತಿಂಗಳ ಪುಟ್ಟಿಗೆ ಶಿಶುಮನೆಯಲ್ಲಿ ಸೀಟು ಸಿಕ್ಕಿದ್ದು ಏಳು ತಿಂಗಳು ಕಾದ ಮೇಲೆ. ಹತ್ತಿರದಲ್ಲಿ ಬೇರೆ ಶಿಶುಮನೆ ಇಲ್ಲ. ಅಂಥದ್ದರಲ್ಲಿ ಅಲ್ಲಿನ ಮೇಡಂ ಮಂಗಳವಾರ ಕಳಿಸಿದ ಸಂದೇಶ ಹೀಗಿತ್ತು: 'ನಿಮ್ಮ ಮನೆಯವರು ಹಾಕಿರುವ ಮೂರು ನಕ್ಷತ್ರವನ್ನು ಶುಕ್ರವಾರ ಸಂಜೆ ಐದರೊಳಗೆ ತೆಗೆಸಿ, ಫೋನ್ ಮಾಡಿ ತಿಳಿಸಿ. ಇಲ್ಲವಾದರೆ ಸೀಟು ಮುಂದಿನವರಿಗೆ.'

ಇವತ್ತು ಶುಕ್ರವಾರ. ಗಂಟೆ ಮೂರೂವರೆ. ಫೋನ್ ಇನ್ನೂ ಆಗಿರಲಿಲ್ಲ.

ಚಿಂತೆ ಮಾಡುವುದು ಅವಳಿಗೆ ಸ್ವಭಾವವೂ ಹೌದು, ಉದ್ಯೋಗವೂ ಹೌದು. ಮಾತ್ರೆಯ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂತಿರುವ ಚೀಟಿ ಇರುತ್ತದಲ್ಲ, ತಲೆಸುತ್ತು ಬರಬಹುದು, ಅಪರೂಪಕ್ಕೆ ನಾಲಗೆ ಊದಿಕೊಳ್ಳಬಹುದು ಎಂದೆಲ್ಲ ಇರುವ ಚೀಟಿ, ಅದನ್ನು ಬರೆದು ತಿದ್ದುವ ಕಚೇರಿಯಲ್ಲಿ ಅವಳು ಏಳು ವರ್ಷ ದುಡಿದಿದ್ದಳು. ಆಮೇಲೆ ಜಗತ್ತಿನ ಪ್ರತಿ ವಸ್ತುವಿಗೂ ಅವಳ ತಲೆಯಲ್ಲೊಂದು ಚೀಟಿ ತಾನಾಗಿ ಮಡಿಸಿಕೊಳ್ಳುತ್ತಿತ್ತು.

ಮಾವನ ಕಥೆಯೇ ಬೇರೆ. ಅವರು ಮೂವತ್ತನಾಲ್ಕು ವರ್ಷ ಬಲ್ಬಿನ ಕಾರ್ಖಾನೆಯಲ್ಲಿ ಪರೀಕ್ಷಕರಾಗಿದ್ದವರು. ಬಲ್ಬ್ ಚೆನ್ನಾಗಿದೆಯೇ ಎಂದು ಹೇಳಬೇಕಾದರೆ ಅದು ಸುಟ್ಟುಹೋಗುವವರೆಗೂ ಕಾಯಬೇಕು ಎನ್ನುವುದು ಅಲ್ಲಿನ ಪದ್ಧತಿ. ಗೋಡೆ ತುಂಬ ಬಲ್ಬುಗಳು ಉರಿಯುತ್ತಿದ್ದವು, ಎದುರಿಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಮಾವ. ಒಂದೊಂದು ಠುಸ್ ಎಂದಾಗಲೂ ಗಡಿಯಾರ ನೋಡಿ ಗಂಟೆ ಬರೆಯುವುದು. ಕೆಲಸಗಾರರು ಅವರನ್ನು ಠುಸ್ ಸಾಹೇಬರು ಎನ್ನುತ್ತಿದ್ದರು. ಅಲ್ಲಿ ಇನ್ನೂ ಒಂದು ನಿಯಮವಿತ್ತು: ಪರೀಕ್ಷಕ ಯಾವುದನ್ನೂ ಬಾಯಲ್ಲಿ ಹೇಳಬಾರದು, ಬರೆದೇ ಕೊಡಬೇಕು. ಬಾಯಿಮಾತನ್ನು ನಾಳೆ ಯಾರಾದರೂ ಇಲ್ಲ ಎಂದುಬಿಡಬಹುದು ಎಂದು.

ನಿವೃತ್ತರಾದ ಮೇಲೆ ಅವರ ಕೈಗೆ ಫೋನು ಬಂತು, ಫೋನಿನೊಳಗೆ ಅಂಗಡಿಗಳು ಬಂದವು, ಅಂಗಡಿಗಳ ಕೆಳಗೆ 'ನಿಮ್ಮ ಅಭಿಪ್ರಾಯ ತಿಳಿಸಿ' ಎಂಬ ಖಾಲಿ ಚೌಕ ಬಂತು. ಆ ಚೌಕವನ್ನು ಮಾವನಷ್ಟು ಗಂಭೀರವಾಗಿ ತೆಗೆದುಕೊಂಡ ಮನುಷ್ಯ ಇನ್ನೊಬ್ಬನಿರಲಾರ. ಯಾವ ವಸ್ತುವನ್ನೂ ಅವರು ಒಂದೇ ತರಿಸುತ್ತಿರಲಿಲ್ಲ. ಬಳಸುವುದಕ್ಕೆ ಒಂದು, ಒಡೆಯುವುದಕ್ಕೆ ಒಂದು. ಮನೆಯಲ್ಲಿ ನೀರು ಕಾಯಿಸುವ ಜಗ್ಗು ಒಂದು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರೆ, ಅದರ ಅವಳಿ ಬಾಲ್ಕನಿಯಲ್ಲಿ ಸಾಯುವುದಕ್ಕೆ ಸಿದ್ಧವಾಗಿ ಕುದಿಯುತ್ತಿರುತ್ತಿತ್ತು.

ಅವರ ನಕ್ಷತ್ರದ ಲೆಕ್ಕವೂ ಕಾರ್ಖಾನೆಯದೇ. ಪೂರ್ತಿ ತೇರ್ಗಡೆಯಾದರೆ ಮೂರು. ಹತ್ತು ವರ್ಷ ಬಾಳಿದರೆ ನಾಲ್ಕು. ಐದು ಕೊಡಬೇಕಾದರೆ ವಸ್ತು ಗೌರವದಿಂದ ಆಯುಷ್ಯ ಮುಗಿಸಿರಬೇಕು. ಆರು ವರ್ಷದಲ್ಲಿ ಇನ್ನೂರ ಹನ್ನೆರಡು ಅಭಿಪ್ರಾಯ ಬರೆದವರು ಮೂರು ಕೊಟ್ಟದ್ದು ಮೂರೇ ಮೂರು ಸಲ: ಒಂದು ಉಗುರು ಕತ್ತರಿಗೆ, ಒಂದು ಹಗ್ಗಕ್ಕೆ, ಈಗ ಶಿಶುಮನೆಗೆ.

ಉಳಿದದ್ದಕ್ಕೆಲ್ಲ ಒಂದೋ ಎರಡೋ. ತಂತಿ ಇಲ್ಲದ ಇಯರ್‌ಫೋನಿಗೆ ಅವರು ಬರೆದದ್ದು: 'ಕಳೆದುಹೋಗುವ ಗುಣ ಉತ್ತಮವಾಗಿದೆ. ಎಡಗಿವಿಯದು ಎರಡನೇ ದಿನ, ಬಲಗಿವಿಯದು ಐದನೇ ದಿನ. ಒಂದು ದಾರ ಕಟ್ಟಿ ಮಾರಿದರೆ ಒಳ್ಳೆಯದು.' ಫೋನಿನಿಂದ ಹಚ್ಚುವ ದೀಪಕ್ಕೆ: 'ದೀಪ ನನ್ನ ಪಾಸ್‌ವರ್ಡ್ ಕೇಳುತ್ತದೆ. ಕತ್ತಲೆ ಇದುವರೆಗೆ ಕೇಳಿಲ್ಲ.' ಸಾಫ್ಟ್‌ವೇರ್ ಎಂದರೆ ಅವರಿಗೆ ಅರೆಬೆಂದ ಕೆಲಸ. "ಅರ್ಧ ಮಾಡಿ ಕಳಿಸ್ತಾರೆ, ಆಮೇಲೆ ಅಪ್‌ಡೇಟ್ ಅಪ್‌ಡೇಟ್ ಅಂತ ಕಂತಿನಲ್ಲಿ ಕೊಡ್ತಾರೆ. ನಾವು ಬಲ್ಬಿನ ಗಾಜು ಇವತ್ತು, ತಂತಿ ನಾಳೆ ಅಂತ ಕೊಟ್ಟಿದ್ರೆ ಒದ್ದು ಓಡಿಸ್ತಿದ್ರು," ಎನ್ನುತ್ತಿದ್ದರು.

ಪಾರ್ಸೆಲ್ ತರುವ ನಡುವಯಸ್ಸಿನ ಮನುಷ್ಯ ಇವರ ಪರಮ ಭಕ್ತ. ಬಾಗಿಲಲ್ಲೇ ನಿಂತು ಕೇಳುತ್ತಿದ್ದ.

"ಯಜಮಾನ್ರೇ, ಒಂದು ಮಿಕ್ಸಿ ತಗೋಬೇಕು. ಯಾವುದಾಗುತ್ತೆ?"

"ಯಾವುದೂ ಆಗಲ್ಲ."

"ಅದ್ರಲ್ಲೂ ಕಮ್ಮಿ ಆಗದೇ ಇರೋದು?"

"ಹಸಿರು ಬಣ್ಣದ್ದು. ಬೇಗ ಕೆಡುತ್ತೆ, ನಿಮಗೆ ಕಾಯೋ ಕಷ್ಟ ಇರಲ್ಲ."

ಇಷ್ಟೆಲ್ಲ ಮನೆಯೊಳಗಿನ ತಮಾಷೆಯಾಗಿ ಸಾಗುತ್ತಿದ್ದರೆ ಅವಳದೇನೂ ತಕರಾರಿರಲಿಲ್ಲ. ಹೋದ ಶನಿವಾರ ಶಿಶುಮನೆಯವರು, ಮನೆಯವರೊಬ್ಬರು ಮಗುವಿನ ಜೊತೆ ಬಂದು ಸ್ವಲ್ಪ ಹೊತ್ತು ಕೂತು ನೋಡಬಹುದು ಎಂದಿದ್ದರು. ಅವಳಿಗೆ ಜ್ವರ. ಗಂಡ ಲಿಫ್ಟ್ ರಿಪೇರಿಯವನು, ಯಾವುದೋ ಹದಿನಾಲ್ಕನೇ ಮಹಡಿಯಲ್ಲಿ ಸಿಕ್ಕಿಬಿದ್ದವರನ್ನು ಬಿಡಿಸಲು ಹೋಗಿದ್ದ. ಪುಟ್ಟಿಯನ್ನು ಎತ್ತಿಕೊಂಡು ಮಾವ ಹೊರಟರು. ಅವರ ಜೇಬಿನಲ್ಲಿ ಅಳತೆಯ ಟೇಪು ಇದ್ದದ್ದು ಅವಳಿಗೆ ಕಾಣಲಿಲ್ಲ. ಕಂಡಿದ್ದರೆ ಜ್ವರದಲ್ಲೇ ಎದ್ದು ಹೋಗುತ್ತಿದ್ದಳು.

ಅಲ್ಲಿ ನಡೆದದ್ದು ಆಮೇಲೆ ಮೇಡಂ ಬಾಯಿಂದ ತಿಳಿಯಿತು. ಮಾವ ಮೊದಲು ಮೆಟ್ಟಿಲು ಅಳೆದರು. ಆಮೇಲೆ ಮಕ್ಕಳ ಪುಟ್ಟ ಕುರ್ಚಿಯ ಗಟ್ಟಿತನ ನೋಡಲು ಅದರಲ್ಲಿ ಕೂತರು. ಕುರ್ಚಿ ಮುರಿಯಲಿಲ್ಲ, ಆದರೆ ಮಾವನನ್ನು ಬಿಡಲೂ ಇಲ್ಲ. ಇಬ್ಬರು ಆಯಾಗಳು ಹಿಡಿದು ಎಳೆದ ಮೇಲೆ ಬಿಡುಗಡೆ. ಕೊನೆಗೆ ಪುಟ್ಟಿಯ ಅಳುವನ್ನು ಫೋನಿನಲ್ಲಿ ಮೊದಲೇ ಹಿಡಿದಿಟ್ಟುಕೊಂಡಿದ್ದ ಇವರು, ಪರದೆಯ ಹಿಂದೆ ಅಡಗಿ ಅದನ್ನು ಜೋರಾಗಿ ಹಾಕಿದರು. ಮೂವರು ಆಯಾಗಳು ಬಿದ್ದು ಎದ್ದು ಬಂದರು. ಒಬ್ಬಾಕೆ ಓಡಿ ಬಂದ ರಭಸದಲ್ಲಿ ಪರದೆ ಸರಿಸಿ ಮಾವನ ಮೂಗನ್ನೇ ಒರೆಸಿಬಿಟ್ಟಳು. "ಹನ್ನೊಂದು ಸೆಕೆಂಡು. ಚೆನ್ನಾಗಿದೆ," ಎಂದು ಮಾವ ಬರೆದುಕೊಂಡರು.

ಮನೆಗೆ ಬಂದವರೇ ಖುಷಿಯಿಂದ ಮೂರು ನಕ್ಷತ್ರ ಒತ್ತಿದರು. ಅದಕ್ಕೆ ಮುಂಚೆ ಅಲ್ಲಿ ಮೂವತ್ತೇಳು ಅಭಿಪ್ರಾಯಗಳಿದ್ದವು, ಎಲ್ಲವೂ ಐದಕ್ಕೆ ಐದು. 'ಸೂಪರ್' ಎಂದವರು ಇಪ್ಪತ್ತು ಜನ, ಹೆಬ್ಬೆಟ್ಟು ಎತ್ತಿ ಸುಮ್ಮನಾದವರು ಹದಿನಾರು ಜನ, 'ಬ್ಯಾಟರಿ ಮೂರು ದಿನ ಬರುತ್ತದೆ' ಎಂದು ದಾರಿ ತಪ್ಪಿ ಬಂದವರು ಒಬ್ಬರು. ಮೇಡಂ ಆ ಐದಕ್ಕೆ ಐದನ್ನು ಗೇಟಿನ ಫಲಕದ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದರು. ಈಗ ಅದರ ಮೇಲೆ ಒಂದು ಹಳೇ ದುಪ್ಪಟಿ ಇಳಿಬಿದ್ದಿದೆ. ಬಂದವರೆಲ್ಲ ಯಾರಾದರೂ ತೀರಿಕೊಂಡರಾ ಎಂದು ಕೇಳುತ್ತಿದ್ದಾರಂತೆ.

ಬುಧವಾರ ಅವಳು ಧೈರ್ಯ ಮಾಡಿ ಮಾವನ ಮುಂದೆ ನಿಂತಳು.

"ಮಾವ, ಅದೊಂದು ರಿವ್ಯೂ ತೆಗೆದುಬಿಡಿ ಅಂತಿದ್ದಾರೆ."

"ಯಾರು, ಇಸ್ತ್ರಿಪೆಟ್ಟಿಗೆಯವರಾ?"

"ಶಿಶುಮನೆಯವರು."

"ಯಾಕಮ್ಮ? ಪೂರ್ತಿ ಮೂರು ಕೊಟ್ಟಿದ್ದೀನಲ್ಲ."

"ಅವರಿಗೆ ಐದು ಬೇಕಂತೆ."

ಮಾವ ಕನ್ನಡಕ ತೆಗೆದು ಕರುಣೆಯಿಂದ ನೋಡಿದರು. "ಐದು ಕೊಡ್ಬೇಕು ಅಂದ್ರೆ ಅದು ಮುಚ್ಚಿಹೋಗಿರ್ಬೇಕಲ್ಲ. ನಡೀತಾ ಇರೋ ಜಾಗಕ್ಕೆ ಹೆಂಗೆ ಕೊಡ್ಲಿ?"

"ನಾಲ್ಕಾದ್ರೂ ಮಾಡಿ."

"ಹತ್ತು ವರ್ಷ ಆಗ್ಲಿ. ಪುಟ್ಟಿ ಅಲ್ಲೇ ಇರ್ಲಿ, ಮಾಡ್ತೀನಿ."

"ಸೀಟು ಹೋಗುತ್ತೆ ಮಾವ."

ಮಾವ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಮೂವತ್ತನಾಲ್ಕು ವರ್ಷದಲ್ಲಿ ಬರೆದ ಚೀಟಿ ಒಂದನ್ನೂ ನಾನು ಹರಿದಿಲ್ಲಮ್ಮ," ಎಂದು ಮೆಲ್ಲಗೆ ಹೇಳಿ ಬಕೆಟ್ಟಿನ ಕಡೆ ತಿರುಗಿದರು.

ಗಂಡನನ್ನು ಕೇಳಿದರೆ ಅವನ ಮಾತು ಅವನ ಲಿಫ್ಟಿನ ಹಾಗೆಯೇ ಎಲ್ಲ ಮಹಡಿಯಲ್ಲೂ ನಿಂತು ನಿಂತು ಬರುತ್ತಿತ್ತು. "ಅಪ್ಪ ಹೇಳೋದೂ ಸರಿ. ಮೇಡಂ ಹೇಳೋದೂ ಸರಿ. ನೀನು ಹೇಳೋದಂತೂ ಸರೀನೇ."

"ಹಾಗಾದ್ರೆ ಸೋಮವಾರ ಮಗು ಎಲ್ಲಿರುತ್ತೆ?"

"ಅದೂ ಸರಿಯಾದ ಪ್ರಶ್ನೆ."

ಮಾವನೇ ಮಗುವನ್ನು ನೋಡಿಕೊಳ್ಳಲಿ ಎಂದು ಅವನೊಮ್ಮೆ ಬಾಯಿತಪ್ಪಿ ಅಂದ. ಮನೆಯ ಪ್ರತಿ ವಸ್ತುವನ್ನೂ ಕೆಡುವವರೆಗೆ ಪರೀಕ್ಷಿಸುವ ಮನುಷ್ಯನ ಕೈಗೆ ದಿನವಿಡೀ ಮಗುವನ್ನು ಕೊಡುವುದೇ? ಅವಳ ತಲೆಯಲ್ಲಿ ಹದಿನಾರು ಮಡಿಕೆಯ ಚೀಟಿಯೊಂದು ಬಿಚ್ಚಿಕೊಂಡಿತು. ಆ ಮಾತು ಅಲ್ಲಿಗೇ ನಿಂತಿತು.

ಹಾಗಾಗಿ ಶುಕ್ರವಾರ, ನಾಲ್ಕೂವರೆ ದಾಟಿದ ಮೇಲೆ ಮಾವ ಎದ್ದು ಕೈ ತೊಳೆಯಲು ಹೋದ ಹೊತ್ತಿಗೆ, ಅವಳು ಹಿಂದೆಂದೂ ಮಾಡದ ಕೆಲಸ ಮಾಡಿದಳು. ಅವರ ಫೋನು ತೆಗೆದುಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಾಸ್‌ವರ್ಡ್ ಫೋನಿನ ಬೆನ್ನಿಗೇ ಅಂಟಿಸಿದ ಚೀಟಿಯಲ್ಲಿತ್ತು, ಎಲ್ಲವನ್ನೂ ಬರೆದಿಡುವ ಮನುಷ್ಯನಲ್ಲವೇ. ಅಭಿಪ್ರಾಯ ಸಿಕ್ಕಿತು. ಅಳಿಸುವ ಗುಂಡಿಯನ್ನೂ ಒತ್ತಿದಳು. ಫೋನು ಅಷ್ಟು ಸುಲಭಕ್ಕೆ ಬಿಡಲಿಲ್ಲ. 'ಅಳಿಸುವ ಮುನ್ನ ನಿಮ್ಮ ಅಭಿಪ್ರಾಯವನ್ನು ಪೂರ್ತಿ ಓದಿ, ಇದು ಏಕೆ ತಪ್ಪು ಎಂದು ತಿಳಿಸಿ' ಎಂದಿತು.

ನಾಲ್ಕು ದಿನದಲ್ಲಿ ಅವಳು ನೋಡಿದ್ದು ಆ ಮೂರು ನಕ್ಷತ್ರಗಳನ್ನು ಮಾತ್ರ. 'ಮುಂದೆ ಓದಿ' ಎನ್ನುವುದನ್ನು ಒತ್ತಿರಲೇ ಇಲ್ಲ. ಒಳಗೆ ಇನ್ನೂ ಏನೇನು ಬರೆದಿದ್ದಾರೋ ಎಂಬ ಭಯ. ಈಗ ಬೇರೆ ದಾರಿಯಿಲ್ಲದೆ ಓದಿದಳು.

'ಮಾದರಿ: ಶಿಶುಮನೆ, ಒಂದು. ಒಡೆದು ನೋಡಲು ಎರಡನೆಯದು ದೊರೆಯಲಿಲ್ಲ. ಮೆಟ್ಟಿಲು: ಆರು, ಎಲ್ಲವೂ ಸಮ. ಕುರ್ಚಿ: ಎಪ್ಪತ್ತೆರಡು ಕಿಲೋ ಭಾರ ತಡೆದಿದೆ, ಬಿಟ್ಟುಕೊಡಲು ಒಪ್ಪಿಲ್ಲ. ಅಳುವಿಗೆ ಸ್ಪಂದನ: ಹನ್ನೊಂದು ಸೆಕೆಂಡು. ನಮ್ಮ ಮನೆಯಲ್ಲಿ ಇದಕ್ಕೆ ಹತ್ತೊಂಬತ್ತು ಸೆಕೆಂಡು ಹಿಡಿಯುತ್ತದೆ. ಆಯಾಗಳ ಮನಸ್ಸು: ಅಳೆಯುವ ಸಾಧನವಿಲ್ಲ, ಮೂಗು ಒರೆಸಿದ ಕೈ ಮೆತ್ತಗಿತ್ತು. ಹಿಂದಿನ ಗೇಟಿನ ಚಿಲಕ: ಐವತ್ತು ಸಲ ಹಾಕಿ ಎಳೆಯಲಾಯಿತು. ಎರಡು ಸಲ ತಾನಾಗಿ ಬಿಟ್ಟುಕೊಂಡಿತು, ಹತ್ತೊಂಬತ್ತನೆಯ ಸಲ ಮತ್ತು ನಲವತ್ತನಾಲ್ಕನೆಯ ಸಲ. ಗೇಟಿನ ಆಚೆ ರಸ್ತೆ ಇದೆ. ಚಿಲಕ ಬದಲಿಸಿದ ಮೇಲೆ ನನ್ನ ಮೊಮ್ಮಗಳನ್ನು ಇಲ್ಲಿ ಬಿಡಲು ಅಭ್ಯಂತರವಿಲ್ಲ. ಪೂರ್ತಿ ತೇರ್ಗಡೆ.'

ಹತ್ತೊಂಬತ್ತು ಸೆಕೆಂಡಿನ ಮಾತಿಗೆ ಮೊದಲು ಕೋಪ ಬಂತು. ಆಮೇಲೆ ಗೇಟಿನ ಸಾಲು ಇನ್ನೊಮ್ಮೆ ಓದಿದಳು. 'ಇದು ಏಕೆ ತಪ್ಪು' ಎಂಬ ಚೌಕ ಖಾಲಿಯಾಗಿ ಮಿನುಗುತ್ತಾ ಕಾಯುತ್ತಿತ್ತು.

ಫೋನು ಹಿಡಿದುಕೊಂಡೇ ಹಜಾರಕ್ಕೆ ಬಂದಳು. ಕದ್ದದ್ದು ಎನ್ನುವುದೂ ನೆನಪಿರಲಿಲ್ಲ.

"ಮಾವ, ಆ ಚಿಲಕದ ವಿಷಯ ನಂಗ್ಯಾಕೆ ಹೇಳ್ಲಿಲ್ಲ?"

"ಬರೆದಿದ್ದೀನಲ್ಲಮ್ಮ."

"ಹೇಳ್ಬಹುದಿತ್ತಲ್ಲ, ಬಾಯಿಬಿಟ್ಟು."

"ಬರೆದಿದ್ದೀನಲ್ಲ," ಎಂದರು ಮಾವ ಮತ್ತೆ, ಅಷ್ಟೇ ಅರ್ಥವಾಗದವರಂತೆ. "ಹೆಸರಿಗೇಂತ ಬರೀತೀನಾ ನಾನು? ಯಾರೂ ಓದ್ಲಿಲ್ವಾ ಹಾಗಾದ್ರೆ?"

ಅವಳು ಫೋನನ್ನು ಅವರ ಕೈಗೆ ಕೊಟ್ಟಳು. ಜನ ಓದದೆ ಎಸೆಯುವ ಚೀಟಿಗಳನ್ನು ಬರೆದೇ ಸಂಬಳ ತಿಂದವಳು. ಪುಟ್ಟಿ ಬಕೆಟ್ಟಿನೊಳಗೆ ಕೂತು ಹಿಡಿಕೆಯನ್ನು ಕಚ್ಚುತ್ತಿದ್ದಳು. ಗಂಟೆ ಐದಕ್ಕೆ ಹತ್ತು ನಿಮಿಷ.

ಅವಳು ತನ್ನ ಫೋನಿನಿಂದ ಮೇಡಂ ನಂಬರ್ ಒತ್ತಿದಳು. ಎರಡನೇ ರಿಂಗಿಗೇ ಮೇಡಂ ಎತ್ತಿದರು.

"ತೆಗೆದ್ರಾ?"

"ಇಲ್ಲ ಮೇಡಂ. ತೆಗೆಯಲ್ಲ."

"ಹಾಗಾದ್ರೆ ಸೀಟು..."

"ಸೀಟು ಹೋದ್ರೆ ಹೋಗ್ಲಿ." ತನ್ನ ಬಾಯಿಂದ ಬಂದ ಮಾತು ಅವಳಿಗೇ ಬೇರೆ ಯಾರೋ ಅಂದಂತೆ ಕೇಳಿತು. "ನೀವು ಅದನ್ನ ಪೂರ್ತಿ ಓದಿದ್ದೀರಾ?"

"ಮೂರು ಅಂತ ಕಾಣುತ್ತಲ್ಲ, ಓದೋದೇನಿದೆ ಅದ್ರಲ್ಲಿ?"

"ಮೇಡಂ, ಫೋನ್ ಹಿಡ್ಕೊಂಡೇ ಹಿಂದಿನ ಗೇಟಿನ ಹತ್ರ ಹೋಗಿ. ಚಿಲಕ ಹಾಕಿ ಎಳೀರಿ."

"ನಂಗೆ ಬೇರೆ ಕೆಲಸ ಇಲ್ವಾ?"

"ಐದು ಗಂಟೆವರೆಗೂ ಟೈಮ್ ಕೊಟ್ಟಿದ್ದೀರಲ್ಲ, ಹತ್ತು ನಿಮಿಷ ಇನ್ನೂ ನಂದೇ."

ಗೊಣಗುವುದು ಕೇಳಿಸಿತು, ಚಪ್ಪಲಿಯ ಸದ್ದು ಕೇಳಿಸಿತು, ಮಕ್ಕಳ ಗಲಾಟೆಯೊಂದು ಹತ್ತಿರ ಬಂದು ದೂರ ಹೋಯಿತು. ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು.

"ಎಳೆದೆ. ಕಲ್ಲಿನ ಹಾಗಿದೆ. ಆಯ್ತಾ?"

"ಇನ್ನೊಂದ್ಸಲ."

"ಎರಡು. ಗಟ್ಟಿಯಾಗಿದೆ."

"ಎಳೀತಾನೇ ಇರಿ ಮೇಡಂ. ಮಾವ ಐವತ್ತು ಸಲ ಎಳೆದು ನೋಡಿ ಬರೆದಿದ್ದಾರೆ. ನಾನು ಎಣಿಸ್ತೀನಿ."

ಅವಳು ಕಿಟಕಿಯ ಪಕ್ಕ ನಿಂತು ಎಣಿಸಿದಳು. ಆರು. ಏಳು. ಒಂಬತ್ತರ ಹೊತ್ತಿಗೆ ಮೇಡಂಗೆ ಉಬ್ಬಸ ಬಂತು. ಹನ್ನೆರಡಕ್ಕೆ "ನಿಮ್ಮ ಮನೆಯವರೆಲ್ಲ ಹಿಂಗೇನಾ?" ಎಂದು ಕೇಳಿದರು. ಹದಿನೈದು. ಹದಿನಾರಕ್ಕೆ ಸದ್ದು ಬೇರೆಯಾಗಿ ಬಂತು, ಉದ್ದಕ್ಕೆ, ಕಿರ್ರೆಂದು. ಅದರ ಹಿಂದೆಯೇ ರಸ್ತೆಯ ಸದ್ದು, ಯಾವುದೋ ಲಾರಿಯ ಹಾರನ್ನು, ತುಂಬ ಹತ್ತಿರದಲ್ಲಿ.

ಮೇಡಂ ಫೋನಿನಿಂದ ಮುಖ ತಿರುಗಿಸಿ ಯಾರಿಗೋ, "ಮಕ್ಕಳನ್ನ ಎಲ್ಲಾ ಒಳಗೆ ಕರ್ಕೊಳ್ರೇ, ಈಗ್ಲೇ," ಎಂದರು. ಸ್ವರ ಸಣ್ಣಗಾಗಿತ್ತು.

"ಸೋಮವಾರ ಮಗೂನ ಕರ್ಕೊಂಡ್ ಬನ್ನಿ," ಎಂದರು. "ಅಷ್ಟರಲ್ಲಿ ಬೇರೆ ಚಿಲಕ ಹಾಕ್ಸಿರ್ತೀನಿ."

"ಆಯ್ತು ಮೇಡಂ. ಇಡ್ಲಾ?"

"ಇಡ್ಬೇಡಿ, ಇರಿ." ಗೇಟು ಮುಚ್ಚಿದ ಸದ್ದು, ಚಿಲಕ ಜಾರಿದ ಸದ್ದು. "ಐವತ್ತು ಅಂತ ತಾನೇ ಬರೆದಿರೋದು ಅವ್ರು? ಎಣಿಸಿ. ಹದಿನೇಳು."