ಕೇಳಬಾರದ ಪ್ರಶ್ನೆ

ಮೊನ್ನೆ ಕಪಾಟು ಜಾಲಾಡುವಾಗ ನುಸಿಗುಳಿಗೆಯ ವಾಸನೆಯ ಜೊತೆ ಮಾಮನ ಹಳೆಯ ಪುಸ್ತಕವೊಂದು ಕೈಗೆ ಬಂತು. ರಟ್ಟು ಹೋಗಿದೆ, ಜೊತೆಗೆ ಹೆಸರೂ. ನಡೆನುಡಿ ತಿದ್ದಿಕೊಳ್ಳುವುದು ಹೇಗೆಂದು ಹೇಳುವ ಪುಸ್ತಕ. ಆಕಳಿಸುವಾಗ ಬಾಯಿಗೆ ಕೈ ಅಡ್ಡ ಹಿಡಿ, ಚಹಾ ಸದ್ದು ಮಾಡದೆ ಕುಡಿ, ಹೀಗೆ. ಓದುತ್ತ ನಾನು ಎರಡು ಸಲ ಆಕಳಿಸಿದೆ, ಕೈ ಅಡ್ಡ ಹಿಡಿಯದೆ.

ಮಾಮ, ಎಂದರೆ ಅಮ್ಮನ ತಮ್ಮ, ಮಡಂತ್ಯಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಶಾಲೆ ಬೇಗ ಬಿಟ್ಟವರಾದ್ದರಿಂದ ಅಚ್ಚಾದ ಮಾತಿನ ಮೇಲೆ ಅಪಾರ ಭಕ್ತಿ. ಮಗಳಿಗೆ ಮೂಡುಬಿದಿರೆಯ ಲೆಕ್ಚರರ ಸಂಬಂಧ ಕುದುರಿದಾಗ, ಬೀಗರೆದುರು ಮರ್ಯಾದೆ ಉಳಿಯಲಿ ಎಂದು ಈ ಪುಸ್ತಕ ತಂದರು. ನಿಯಮಗಳು ಒಂದೊಂದಾಗಿ ಜಾರಿಗೆ ಬಂದವು. ಮಾಮಿ ನಗು ತಡೆಯಲಾರದೆ ಅಡುಗೆಮನೆಗೆ ಓಡುತ್ತಿದ್ದರು.

ಅದರಲ್ಲೊಂದು ನಿಯಮ, ಎಲ್ಲಿಗೆ ಹೋಗುತ್ತೀರಿ ಎಂದು ಯಾರನ್ನೂ ಕೇಳಬಾರದು, ಅದು ಅಸಭ್ಯ ಕುತೂಹಲ. ನಮ್ಮ ಕಡೆ ಗೊತ್ತಲ್ಲ, ಎದುರಾದವರನ್ನು ಮಾತಾಡಿಸುವುದೇ "ಎಲ್ಲಿಗೆ?" ಎಂದು. "ಇಲ್ಲೇ ಪೇಟೆಗೆ" ಎಂದರೂ ನಡೆಯುತ್ತದೆ, ಕೇಳಿದ್ದು ಮುಖ್ಯ.

ಮಾಮನ ಜೀವದ ಗೆಳೆಯ ಅಳದಂಗಡಿಯ ಮೋನಪ್ಪಣ್ಣ. ನಾವು ಬ್ಯಾರಿ ಮುಸ್ಲಿಮರು, ಅವರು ಮಾಮನನ್ನು ಸಲಿಗೆಯಿಂದ ಕರೆಯುವುದೂ ಬ್ಯಾರಿ ಎಂದೇ. ಮಂಗಳೂರಿಗೆ ಹೋಗುವಾಗಲೆಲ್ಲ ಮಡಂತ್ಯಾರಿನಲ್ಲಿ ಇಳಿದು, ಅಂಗಡಿಯಲ್ಲಿ ಚಹಾ ಕುಡಿದು, ಮುಂದಿನ ಬಸ್ಸು ಹಿಡಿಯುವುದು ಅವರ ಪದ್ಧತಿ. ಒಂದು ದಿನ ಹೆಂಡತಿಯ ಜೊತೆ ಬಂದರು. ಚೀಲ ಕೆಳಗಿಟ್ಟು ಕೂತರು. ಮಾಮ ಎದ್ದು ನಿಂತು, "ತಾವು ಬಂದದ್ದು ಬಹಳ ಸಂತೋಷ" ಎಂದರು. ಚಹಾ ಬಂತು. ಮಳೆಯ ಮಾತು, ಅಡಿಕೆಯ ಮಾತು ಆಯಿತು. ಎಲ್ಲಿಗೆ ಎಂದು ಮಾತ್ರ ಕೇಳಲಿಲ್ಲ. ಮೋನಪ್ಪಣ್ಣ ಸ್ವಲ್ಪ ಹೊತ್ತು ಮಾಮನ ಮುಖ ನೋಡಿ, ಚೀಲ ಎತ್ತಿಕೊಂಡು ಹೊರಟುಬಿಟ್ಟರು.

ಆಮೇಲೆ ಅವರು ಅಲ್ಲಿ ಇಳಿಯಲೇ ಇಲ್ಲ. ಬಸ್ಸು ನಿಂತಾಗ ಕಿಟಕಿಯಲ್ಲಿ ಕಂಡರೂ ಮುಖ ಆಚೆ ತಿರುಗಿಸುತ್ತಿದ್ದರು. ಮಾಮನಿಗೆ ಊಟ ಸೇರದಾಯಿತು. ಕೊನೆಗೆ ಕಂಡಕ್ಟರೇ ಹೇಳಿದ, "ಅವರ ಹೆಂಡತಿಗೆ ಮಂಗಳೂರಲ್ಲಿ ದೊಡ್ಡ ಆಪರೇಷನ್ ಆಯ್ತಲ್ಲ, ನಿಮಗೆ ಗೊತ್ತಿಲ್ವಾ?"

ಮಾಮ ಅಂಗಡಿಗೆ ಬಾಗಿಲು ಹಾಕಿ ಅಳದಂಗಡಿಗೆ ಹೊರಟರು. ಜೊತೆಗೆ ನಾನೂ ಇದ್ದೆ. ಮೋನಪ್ಪಣ್ಣನ ಹೆಂಡತಿ ಜಗಲಿಯಲ್ಲಿ ಒರಗಿ ಕೂತಿದ್ದರು. "ಕೇಳಿದ್ರೆ ಹೇಳ್ತಿದ್ದೆವು. ಹೆದರಿಕೆ ಇತ್ತು ನಮಗೆ. ನೀವು ಕೇಳಲೇ ಇಲ್ಲ" ಎಂದರು. ಮಾಮ ಪುಸ್ತಕದ ಹೆಸರೆತ್ತಲಿಲ್ಲ, ತಲೆ ತಗ್ಗಿಸಿ ಅಂಗಳದಲ್ಲೇ ನಿಂತರು. ತೋಟದಿಂದ ಬಂದ ಮೋನಪ್ಪಣ್ಣ ಕತ್ತಿ ಬದಿಗಿಟ್ಟು, ಬೇಕೆಂದೇ ನಿಧಾನವಾಗಿ ಕೇಳಿದರು:

"ಎಲ್ಲಿಗೆ ಹೊರಟದ್ದು ಬ್ಯಾರಿ?"

"ಇಲ್ಲಿಗೇ ಮಾರಾಯ" ಎಂದರು ಮಾಮ. ಅವರ ಕಣ್ಣು ತುಂಬಿತ್ತು.

ಪುಸ್ತಕದ ಆ ಸಾಲಿನ ಮೇಲೆ ಶಾಯಿಯ ಗೀಟು ಈಗಲೂ ಇದೆ. ಉಳಿದ ನಿಯಮಗಳನ್ನು ಮಾಮ ಕೊನೆಯವರೆಗೂ ಪಾಲಿಸಿದರು.

ನಾನೀಗ ಫರಂಗಿಪೇಟೆಯ ಫ್ಲ್ಯಾಟಿನಲ್ಲಿದ್ದೇನೆ. ಇಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ನಕ್ಕು ಲಿಫ್ಟಿನ ಗುಂಡಿ ಒತ್ತಿದರೆ ಮುಗಿಯಿತು. ನಾನೂ ಅಷ್ಟೇ ಸಭ್ಯಸ್ಥೆ. ಇವತ್ತು ಬೆಳಗ್ಗೆ ಎದುರು ಮನೆಯ ಲೀಲಕ್ಕ ಒಬ್ಬರೇ ಚೀಲ ಹಿಡಿದು ಲಿಫ್ಟಿಗೆ ಕಾಯುತ್ತಿದ್ದರು. ಗುಂಡಿ ಒತ್ತಲು ಹೋದ ಕೈ ಹಿಂದೆ ಬಂತು.

"ಎಲ್ಲಿಗೆ ಲೀಲಕ್ಕ?"

ಲಿಫ್ಟು ಬಂತು, ಬಾಗಿಲು ತೆರೆಯಿತು. ಲೀಲಕ್ಕ ಒಳಗೆ ಹೋಗದೆ, ನನ್ನ ಕಡೆ ತಿರುಗಿ ಚೀಲ ಕೆಳಗಿಟ್ಟರು.